ಹಿತ್ತಿಲ ತರಕಾರಿ: ಬೇಸಿಗೆಯ ಗೆಲುವನ್ನು ಹಂಚೋಣ, ಸೋಲನ್ನೂ ಹಂಚೋಣ

ಮೇ ತಿಂಗಳ ಕೊನೆಯ ವಾರವೆಂದರೆ ಕರಾವಳಿಯ ಹಿತ್ತಿಲುಗಳಿಗೆ ಲೆಕ್ಕ ಒಪ್ಪಿಸುವ ಕಾಲ. ಡಿಸೆಂಬರಿನಲ್ಲಿ ಬಿತ್ತಿದ ಹರಿವೆ, ಜನವರಿಯಲ್ಲಿ ನಟ್ಟ ಬದನೆ, ಚಪ್ಪರಕ್ಕೆ ಹಬ್ಬಿಸಿದ ಬಸಳೆ, ಗದ್ದೆಗೆ ಇಳಿಸಿದ ಸೌತೆ, ಇವುಗಳಲ್ಲಿ ಯಾವುದು ಕೈ ಹಿಡಿಯಿತು, ಯಾವುದು ಕೈ ಕೊಟ್ಟಿತು ಎಂಬುದು ಈ ಹೊತ್ತಿಗೆ ಎಲ್ಲರಿಗೂ ಗೊತ್ತಾಗಿರುತ್ತದೆ. ಭಾನುವಾರ ಪೂಜೆ ಮುಗಿಸಿ ಚರ್ಚಿನ ಅಂಗಳದಲ್ಲಿ ನಿಂತವರ ನಡುವೆ, ಸ್ವಸಹಾಯ ಸಂಘದ ಸಭೆಯಲ್ಲಿ, ಬೇಲಿಯ ಆಚೆ ಈಚೆ ನಿಂತ ನೆರೆಹೊರೆಯವರಲ್ಲಿ ಈ ಮಾತು ತಾನಾಗಿಯೇ ಬರುತ್ತದೆ. "ನಿಮ್ಮಲ್ಲಿ ಬೆಂಡೆ ಹೇಗಾಯಿತು ಬಾಯಿ?" "ಬೆಂಡೆ ಪರವಾಗಿಲ್ಲ, ಟೊಮೆಟೊ ಮಾತ್ರ ಈ ಸಲವೂ ಇಲ್ಲ."

ಈ ಮಾತುಕತೆ ಕಾಲಹರಣವಲ್ಲ. ನಮ್ಮ ಹಿತ್ತಿಲುಗಳ ಕೃಷಿಜ್ಞಾನ ಇಷ್ಟು ಕಾಲ ಬಾಳಿ ಬಂದದ್ದು ಹೀಗೆಯೇ. ಆದರೆ ನಾವು ಗೆದ್ದದ್ದನ್ನು ಸಂತೋಷದಿಂದ ಹೇಳುತ್ತೇವೆ, ಸೋತದ್ದನ್ನು ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತೇವೆ. ಸೋಲಿನ ವಿವರವನ್ನೂ ಸರಿಯಾಗಿ ಹಂಚಿಕೊಂಡರೆ ಏನು ಲಾಭ, ಹಂಚಿಕೊಳ್ಳುವುದು ಹೇಗೆ ಎಂಬುದನ್ನು ಇಲ್ಲಿ ನೋಡೋಣ.

ನಮ್ಮ ಬೇಸಿಗೆಯ ಸ್ವಭಾವ

ಕರಾವಳಿಯಲ್ಲಿ ವರ್ಷದ ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ತನಕದ ನಾಲ್ಕು ತಿಂಗಳಲ್ಲಿ ಸುರಿದುಹೋಗುತ್ತದೆ. ಡಿಸೆಂಬರಿನಿಂದ ಮೇ ತನಕ ಬಾವಿಯ ನೀರೇ ಗತಿ. ಮುರಕಲ್ಲಿನ ಮಣ್ಣು ನೀರನ್ನು ಬೇಗ ಬಿಟ್ಟುಕೊಡುತ್ತದೆ. ಅಷ್ಟೊಂದು ಮಳೆಗೆ ಸುಣ್ಣದ ಅಂಶ ತೊಳೆದುಹೋಗುವುದರಿಂದ ಅದು ಹುಳಿ ಮಣ್ಣೂ ಹೌದು. ಸಮುದ್ರದ ಬದಿಯ ಹೊಯ್ಗೆಯಲ್ಲಿ ನೀರು ನಿಲ್ಲುವುದೇ ಇಲ್ಲ. ನದಿ ಸಮುದ್ರ ಸೇರುವ ಕಡೆಗಳಲ್ಲಿ ಏಪ್ರಿಲ್ ಹೊತ್ತಿಗೆ ಕೆಲವು ಬಾವಿಗಳ ನೀರು ಉಪ್ಪಾಗುತ್ತದೆ.

ಇಷ್ಟಾದರೂ ಬೇಸಿಗೆ ನಮ್ಮ ಹಿರಿಯರಿಗೆ ತರಕಾರಿಯ ಕಾಲವಾಗಿತ್ತು. ತುಳುನಾಡಿನ ಗದ್ದೆಗಳಿಗೆ ಏಣೇಲು, ಸುಗ್ಗಿ, ಕೊಳಕೆ ಎಂಬ ಮೂರು ಬೆಳೆಗಳು. ಕೊಳಕೆ ಭತ್ತಕ್ಕೆ ನೀರು ಸಾಲದ ಗದ್ದೆಗಳಲ್ಲಿ ಸೌತೆ, ಅಲಸಂಡೆ, ಹರಿವೆ, ಬೆಂಡೆ ಬೆಳೆಯುತ್ತಿದ್ದರು. ಬಲಿತ ಬಣ್ಣದ ಸೌತೆಯನ್ನು ತೆಂಗಿನ ಗರಿಯಲ್ಲೋ ಬಾಳೆಯ ಹಗ್ಗದಲ್ಲೋ ಕಟ್ಟಿ ಅಡುಗೆಮನೆಯ ಮಾಡಿಗೆ ತೂಗುಹಾಕಿದರೆ ಮಳೆಗಾಲದ ತಿಂಗಳುಗಳಿಗೆ ಸಾಂಬಾರು ಸಿದ್ಧ. ಹೊರಗೆ ಏನೂ ಸಿಗದ ಆಟಿಯ ದಿನಗಳಲ್ಲಿ ಬೇಸಿಗೆಯ ಈ ದುಡಿಮೆಯೇ ಮನೆಯನ್ನು ಸಾಕುತ್ತಿತ್ತು.

"ಟೊಮೆಟೊ ಆಗಲಿಲ್ಲ" ಎಂದರೆ ಏನರ್ಥ?

ಮೂವರು ಗೃಹಿಣಿಯರು ಒಂದೇ ಮಾತು ಹೇಳುತ್ತಾರೆಂದು ಇಟ್ಟುಕೊಳ್ಳಿ: "ನಮ್ಮಲ್ಲಿ ಟೊಮೆಟೊ ಆಗಲಿಲ್ಲ." ವಿಚಾರಿಸಿ ನೋಡಿದರೆ ಮೂವರದ್ದೂ ಬೇರೆ ಬೇರೆ ಕಥೆ.

ಮೊದಲನೆಯವರ ಗಿಡ ನಿನ್ನೆ ಹಸಿರಾಗಿತ್ತು, ಇಂದು ಹಸಿರಾಗಿದ್ದಂತೆಯೇ ಬಾಡಿತು, ನೀರು ಹಾಕಿದರೂ ಏಳಲಿಲ್ಲ. ಇದು ದುಂಡಾಣು ಸೊರಗು ರೋಗದ ಲಕ್ಷಣ. ಬಾಡಿದ ಗಿಡದ ಬುಡದ ಕಾಂಡವನ್ನು ತುಂಡರಿಸಿ ಗಾಜಿನ ಲೋಟದ ತಿಳಿನೀರಿನಲ್ಲಿ ಅದ್ದಿ ಅಲುಗಿಸದೆ ಹಿಡಿಯಿರಿ. ಕೆಲವು ನಿಮಿಷಗಳಲ್ಲಿ ಹಾಲಿನಂತಹ ಬಿಳಿ ಎಳೆ ಇಳಿದು ಬಂದರೆ ರೋಗ ಅದೇ. ಔಷಧಿಗೆ ಹಣ ಸುರಿದು ಪ್ರಯೋಜನವಿಲ್ಲ. ರೋಗಾಣು ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ, ಹರಿಯುವ ನೀರಿನೊಂದಿಗೆ ಪಕ್ಕದ ಗಿಡಕ್ಕೂ ಹೋಗುತ್ತದೆ. ಗಿಡವನ್ನು ಬೇರುಸಹಿತ ಕಿತ್ತು ಸುಡಬೇಕು, ಗೊಬ್ಬರದ ಗುಂಡಿಗೆ ಹಾಕಬಾರದು. ಆ ಜಾಗದಲ್ಲಿ ಟೊಮೆಟೊ ಮಾತ್ರವಲ್ಲ, ಅದೇ ಕುಟುಂಬದ ಬದನೆ, ಮೆಣಸನ್ನೂ ಕೆಲವು ವರ್ಷ ನಡಬಾರದು. ಅಲಸಂಡೆ, ಹರಿವೆ ಬೆಳೆಯಬಹುದು. ಟೊಮೆಟೊ ಬೇಕೇ ಬೇಕೆಂದರೆ ರೋಗ ತಡೆಯುವ ತಳಿ ಆರಿಸಬೇಕು. ಬೆಂಗಳೂರಿನ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ಅಂಥದ್ದೊಂದು. ಕಾಡು ಸುಂಡೆಯ ಬೇರಿನ ಮೇಲೆ ಕಸಿ ಕಟ್ಟಿದ ಬದನೆ ಗಿಡಗಳೂ ಈ ರೋಗವನ್ನು ಚೆನ್ನಾಗಿ ತಾಳಿಕೊಳ್ಳುತ್ತವೆ.

ಎರಡನೆಯವರ ಗಿಡ ಆರೋಗ್ಯವಾಗಿದೆ, ಹೂವೂ ಬಿಡುತ್ತದೆ, ಆದರೆ ಹೂವು ಉದುರುತ್ತದೆ. ಇದು ರೋಗವಲ್ಲ, ಸೆಕೆ. ರಾತ್ರಿಯ ಉಷ್ಣತೆ ಸುಮಾರು 24 ಡಿಗ್ರಿ ದಾಟಿದರೆ ಟೊಮೆಟೊ ಹೂವಿನ ಪರಾಗ ದುರ್ಬಲವಾಗಿ ಕಾಯಿ ಕಟ್ಟುವುದು ಕಡಿಮೆಯಾಗುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮಲ್ಲಿ ರಾತ್ರಿಯೂ ತಂಪಾಗುವುದಿಲ್ಲ. ಮಳೆ ನಿಂತ ಕೂಡಲೇ, ಅಕ್ಟೋಬರಿನಲ್ಲಿ ಸಸಿ ಮಾಡಿ ನಟ್ಟರೆ ಡಿಸೆಂಬರ್, ಜನವರಿಯ ತಂಪು ರಾತ್ರಿಗಳಲ್ಲಿ ಕಾಯಿ ಕಟ್ಟುತ್ತದೆ. ಫೆಬ್ರವರಿಯಲ್ಲಿ ನಟ್ಟು ಗೊಬ್ಬರ ಹೆಚ್ಚಿಸಿದರೆ ಸಿಗುವುದು ಬರೀ ಎಲೆ.

ಮೂರನೆಯವರ ಗಿಡದ ಎಲೆ ಮುರುಟಿ, ಗಿಡ ಕುಳ್ಳಾಗಿ ನಿಂತಿತು. ಇದು ಬಿಳಿನೊಣ ಹರಡುವ ಎಲೆ ಮುರುಟು ನಂಜು ರೋಗ. ಮೊದಲ ಗಿಡದಲ್ಲಿ ಕಂಡಾಗಲೇ ಕಿತ್ತರೆ ಉಳಿದವು ಬದುಕಬಹುದು. ಇನ್ನು ಕೆಲವರು ಹೇಳುವ "ಹಣ್ಣಿನ ತಳ ಕಪ್ಪಾಗುತ್ತದೆ" ಎಂಬ ದೂರಿಗೆ ಕಾರಣ ಒಂದು ದಿನ ನೀರು, ನಾಲ್ಕು ದಿನ ಒಣ. ನೀರು ಹೆಚ್ಚು ಕಡಿಮೆಯಾದಾಗ ಸುಣ್ಣದ ಅಂಶ ಹಣ್ಣಿನ ತುದಿಗೆ ತಲುಪುವುದಿಲ್ಲ.

ನೋಡಿ, ಸೋಲು ಒಂದೇ ಎಂದು ಕಂಡರೂ ಕಾರಣ ನಾಲ್ಕು, ಪರಿಹಾರವೂ ನಾಲ್ಕು. "ಆಗಲಿಲ್ಲ" ಎಂದು ಮಾತ್ರ ಹೇಳಿದರೆ ಕೇಳಿದವರು ತಪ್ಪು ಮದ್ದು ಹೇಳಿಯಾರು. ಗಿಡ ಹೇಗೆ ಸತ್ತಿತು ಎಂದು ಹೇಳಿದರೆ ಮಾತ್ರ ಇನ್ನೊಬ್ಬರ ಅನುಭವ ನಮ್ಮ ಉಪಯೋಗಕ್ಕೆ ಬರುತ್ತದೆ.

ಬಳ್ಳಿಗಳ ಗುಟ್ಟು

ಸೌತೆ, ಹಾಗಲ, ಸೋರೆ, ಹೀರೆಯ ಬಗ್ಗೆ ಪ್ರತಿ ಬೇಸಿಗೆಯಲ್ಲೂ ಕೇಳಿಬರುವ ದೂರು: "ಹೂವು ತುಂಬ, ಕಾಯಿ ಇಲ್ಲ." ಈ ಬಳ್ಳಿಗಳಲ್ಲಿ ಗಂಡು ಹೂವು, ಹೆಣ್ಣು ಹೂವು ಬೇರೆ ಬೇರೆ. ಮೊದಲು ಬರುವುದು ಗಂಡು ಹೂವು, ಆದ್ದರಿಂದ ಆರಂಭದಲ್ಲಿ ಕಾಯಿ ಕಾಣದಿದ್ದರೆ ಗಾಬರಿ ಬೇಡ. ಹೂವಿನ ಬುಡದಲ್ಲಿ ಪುಟ್ಟ ಕಾಯಿಯ ಆಕಾರ ಇದ್ದರೆ ಅದು ಹೆಣ್ಣು. ಆ ಪುಟ್ಟ ಕಾಯಿ ಹಳದಿಯಾಗಿ ಉದುರಿದರೆ ಪರಾಗಸ್ಪರ್ಶ ಆಗಿಲ್ಲವೆಂದು ತಿಳಿಯಬಹುದು. ಮಹಡಿಯ ಮೇಲೆ, ಜೇನುನೊಣ ಬಾರದ ಕಡೆಗಳಲ್ಲಿ ಇದು ಸಾಮಾನ್ಯ. ಗಂಡು ಹೂವನ್ನು ಕಿತ್ತು ಹೆಣ್ಣು ಹೂವಿನ ನಡುವೆ ಮೆಲ್ಲನೆ ಸವರಿದರೆ ಸಾಕು. ಸಮಯ ಮಾತ್ರ ಸರಿಯಾಗಿರಬೇಕು. ಸೌತೆ, ಹಾಗಲ, ಕುಂಬಳದ ಹೂವು ಬೆಳಿಗ್ಗೆ ಅರಳುತ್ತದೆ. ಸೋರೆ, ಹೀರೆ, ಪಡುವಲದ್ದು ಸಂಜೆ. ಸೋರೆಗೆ ಬೆಳಿಗ್ಗೆ ಹತ್ತು ಗಂಟೆಗೆ ಕೈಯಾಡಿಸಿದವರಿಗೆ ಕಾಯಿ ಸಿಗದಿರುವುದರಲ್ಲಿ ಆಶ್ಚರ್ಯವಿಲ್ಲ.

ಎಳೆ ಹಾಗಲ, ಮುಳ್ಳುಸೌತೆಯೊಳಗೆ ಹುಳ ಕಂಡರೆ ಅದು ಹಣ್ಣುನೊಣದ ಕೆಲಸ. ಕಾಯಿ ಬೆರಳುದ್ದ ಇರುವಾಗಲೇ ಕಾಗದದ ಚೀಲ ಕಟ್ಟಿದರೆ ನೊಣ ಮೊಟ್ಟೆ ಇಡಲಾಗದು. ಹುಳುಕು ಕಾಯಿಗಳನ್ನು ಬುಡದಲ್ಲೇ ಬಿಟ್ಟರೆ ಹುಳ ಮಣ್ಣಿಗಿಳಿದು ಮತ್ತೆ ನೊಣವಾಗುತ್ತದೆ. ಒಂದು ಮನೆಯವರು ಚೀಲ ಕಟ್ಟಿ, ಪಕ್ಕದ ಮನೆಯವರು ಕೊಳೆತ ಕಾಯಿ ಬಿಟ್ಟರೆ ಇಬ್ಬರಿಗೂ ನಷ್ಟ. ಆದುದರಿಂದ ನೆರೆಮನೆಗಳವರು ಮಾತಾಡಿಕೊಂಡು ಒಟ್ಟಿಗೇ ಮಾಡಬೇಕಾದ ಕೆಲಸ ಇದು. ಮುಳ್ಳುಸೌತೆ ಕಹಿಯಾದರೆ ಮೊದಲು ಸಂಶಯಿಸಬೇಕಾದದ್ದು ನೀರಿನ ಕೊರತೆಯನ್ನು.

ಕಡಿಮೆ ನೀರಿನಲ್ಲಿ ಗೆದ್ದವರು

2019ರ ಬೇಸಿಗೆಯಲ್ಲಿ ತುಂಬೆ ಅಣೆಕಟ್ಟೆಯ ನೀರು ಇಳಿದು ಮಂಗಳೂರು ನಗರಕ್ಕೆ ಸರದಿಯಂತೆ ನೀರು ಬಿಡಬೇಕಾಯಿತು. ಕುಡಿಯುವ ನೀರಿಗೇ ಪರದಾಡುವಾಗ ತರಕಾರಿಗೆ ನೀರು ಎಲ್ಲಿಂದ ಎಂಬ ಪ್ರಶ್ನೆ ನ್ಯಾಯವಾದದ್ದೇ. ಇಂಥ ವರ್ಷಗಳಲ್ಲಿ ಸಹಾಯಕ್ಕೆ ಬರುವ ಉಪಾಯಗಳು ದುಬಾರಿಯವಲ್ಲ. ಗಿಡದ ಬುಡಕ್ಕೆ ತರಗೆಲೆ ಹೊದಿಸುವುದು, ಮಧ್ಯಾಹ್ನದ ಬಿಸಿಲಿಗೆ ತೆಂಗಿನ ಮಡಲಿನ ನೆರಳು ಕೊಡುವುದು, ಮಣ್ಣಿನ ಮಡಕೆಯನ್ನು ಬುಡದ ಪಕ್ಕ ಹೂತು ನೀರು ತುಂಬಿಸಿಡುವುದು, ಅಕ್ಕಿ, ತರಕಾರಿ ತೊಳೆದ ನೀರನ್ನು ಚೆಲ್ಲದೆ ಹಿತ್ತಿಲಿಗೆ ಕೊಡುವುದು. ಬಟ್ಟೆ ಒಗೆದ ಸಾಬೂನು ನೀರು ಮಾತ್ರ ತರಕಾರಿಗೆ ಬೇಡ. ಬಾವಿಯ ನೀರು ಸ್ವಲ್ಪ ಉಪ್ಪಾಗಿದ್ದರೆ ಬೀನ್ಸ್ ಸೋಲುವುದು ಮೊದಲು. ಹರಿವೆ ಹೆಚ್ಚು ತಾಳಿಕೊಳ್ಳುತ್ತದೆ. ಬಿತ್ತಿದ ಒಂದು ತಿಂಗಳೊಳಗೆ ಕೊಯ್ಲಿಗೆ ಬರುವ ಹರಿವೆ ನೀರಿಲ್ಲದವರಿಗೆ ದೊಡ್ಡ ಆಸರೆ. ಗ್ರೋ ಬ್ಯಾಗಿಗೆ ತೆಂಗಿನ ನಾರಿನ ಪುಡಿ ಬಳಸುವವರು ಅದನ್ನು ಎರಡು ಮೂರು ಸಲ ತೊಳೆಯಬೇಕು, ಅದರಲ್ಲೂ ಉಪ್ಪಿನಂಶ ಇರುವುದುಂಟು.

ತರಗೆಲೆಯೊಂದಿಗೆ ಮಣ್ಣನ್ನು ಸುಟ್ಟು ಮಾಡುವ ಸುಡುಮಣ್ಣು ಬಸಳೆಗೂ ಮಲ್ಲಿಗೆಗೂ ನಮ್ಮ ಹಿರಿಯರ ಗೊಬ್ಬರ. ಅದರ ಬೂದಿ ಮಣ್ಣಿನ ಹುಳಿಯನ್ನು ತಗ್ಗಿಸುತ್ತದೆ ಎಂಬುದು ಅದರ ಹಿಂದಿನ ವಿಜ್ಞಾನ.

ಬೀಜ ಕೈತಪ್ಪಿದರೆ?

ತರಕಾರಿಯನ್ನು ಅಂಗಡಿಯಿಂದ ತರಬಹುದು. ಆದರೆ ಕೆಲವು ಬೀಜಗಳನ್ನು ತರಲಾಗದು. ಸೆಪ್ಟೆಂಬರ್ 8ರ ಮೊಂತಿ ಹಬ್ಬದ ಊಟಕ್ಕೆ ಬಿಳಿ ಬೆಂಡೆ ಬೇಕೆಂದು ಹುಡುಕುವವರಿಗೆ ಇದು ಗೊತ್ತು. ಹಬ್ಬದ ಹಿಂದಿನ ದಿನ ಮಾರುಕಟ್ಟೆಯಲ್ಲಿ ಅದರ ಬೆಲೆ ಕೇಳಿ ಹಿಂದೆ ಸರಿಯುವ ಮನೆಯ ಅಟ್ಟದಲ್ಲಿ ಒಂದು ಕಾಲದಲ್ಲಿ ಅದೇ ಬೆಂಡೆಯ ಬಲಿತ ಕೋಡುಗಳು ಒಲೆಯ ಹೊಗೆಗೆ ತೂಗುತ್ತಿದ್ದವು.

ಬೀಜ ಒಣಗಲು ಬೇಸಿಗೆ ತಕ್ಕ ಕಾಲ. ಬೆಂಡೆಯ ಬೀಜ ನಮ್ಮ ತೇವದ ಹವೆಯಲ್ಲಿ ಹೆಚ್ಚು ವರ್ಷ ಮೊಳಕೆಯ ಶಕ್ತಿ ಉಳಿಸಿಕೊಳ್ಳುವುದಿಲ್ಲ. ಹಾಗಾಗಿ ಒಂದೆರಡು ವರ್ಷ ಯಾರೂ ಬಿತ್ತದಿದ್ದರೆ ಆ ಮನೆಯ ತಳಿ ಮುಗಿಯಿತು. ಅಂಗಡಿಯ ಹೈಬ್ರಿಡ್ ಬೆಂಡೆಯಿಂದ ಬೀಜ ಇಟ್ಟರೆ ಮುಂದಿನ ಗಿಡ ತಾಯಿಯಂತೆ ಇರುವುದಿಲ್ಲ. ಹೈಬ್ರಿಡ್ ಪಕ್ಕದಲ್ಲೇ ಊರಿನ ಬೆಂಡೆ ನಟ್ಟರೆ ಜೇನುನೊಣಗಳಿಂದ ಅಲ್ಪಸ್ವಲ್ಪ ಬೆರಕೆಯೂ ಆಗಬಹುದು. ಬೆಂಡೆಯ ಹೂವು ಅರಳುವುದು ಒಂದೇ ದಿನ. ಮುನ್ನಾದಿನ ಸಂಜೆ ಮೊಗ್ಗಿಗೆ ತೆಳು ಬಟ್ಟೆಯ ಚೀಲ ಕಟ್ಟಿದರೆ ತಳಿ ಶುದ್ಧವಾಗಿ ಉಳಿಯುತ್ತದೆ. ಹಳದಿ ನಂಜು ರೋಗ ಬಂದ ಗಿಡದಿಂದ ಬೀಜ ಬೇಡ, ಚೆನ್ನಾಗಿ ಫಲ ಕೊಟ್ಟ ಗಿಡದ ಮೊದಲ ಕಾಯಿಗಳನ್ನೇ ಬೀಜಕ್ಕೆ ಬಿಡಬೇಕು. ಚೆನ್ನಾಗಿ ಒಣಗಿದ ಮೇಲೆ ಬೂದಿ ಬೆರೆಸಿ ಬಾಟಲಿಯಲ್ಲಿ ಮುಚ್ಚಿಡಬಹುದು.

ಇದರಲ್ಲಿ ತಡ ಮಾಡಬಾರದು. 2025ರಲ್ಲಿ ಮುಂಗಾರು ವಾಡಿಕೆಯ ಜೂನ್ 1ಕ್ಕೆ ಕಾಯದೆ ಮೇ 24ರಂದೇ ಕೇರಳವನ್ನು ತಲುಪಿತು. ಮೇ ಕೊನೆಗೆ ಒಣಗಿಸೋಣವೆಂದು ಗಿಡದಲ್ಲೇ ಬಿಟ್ಟ ಕೋಡುಗಳು ಅಂಥ ವರ್ಷ ಮಳೆಗೆ ಸಿಕ್ಕಿ ಬೂಷ್ಟು ಹಿಡಿಯುತ್ತವೆ. ಬೀಜವನ್ನು ಮೂರು ನಾಲ್ಕು ಮನೆಗಳಿಗೆ ಹಂಚಿಟ್ಟರೆ ಒಂದು ಮನೆಯಲ್ಲಿ ಹೋದರೂ ಇನ್ನೊಂದು ಮನೆಯಲ್ಲಿ ಉಳಿಯುತ್ತದೆ. ಕೊಟ್ಟವರ ಬೀಜವೇ ಕೊನೆಗೆ ಕೊಟ್ಟವರನ್ನು ಕಾಯುತ್ತದೆ.

ಹಾಗೆಂದು ಬೀಜ ಸಿಕ್ಕಿದರೆ ಎಲ್ಲವೂ ಸಿಕ್ಕಿತು ಎಂದೂ ಭಾವಿಸಬಾರದು. ಉಡುಪಿ ಜಿಲ್ಲೆಯ ಮಟ್ಟು ಗ್ರಾಮದ ಗುಳ್ಳಕ್ಕೆ 2011ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ದೊರೆಯಿತು. ಆ ಮಾನ್ಯತೆಯೇ ಬೆಳೆಗೂ ಊರಿಗೂ ಇರುವ ನಂಟನ್ನು ಹೇಳುತ್ತದೆ. ಅದೇ ಬೀಜ ನಮ್ಮ ಮುರಕಲ್ಲಿನ ಮಣ್ಣಿನಲ್ಲಿ ಅದೇ ರುಚಿ ಕೊಡಬೇಕೆಂದಿಲ್ಲ.

ಹೇಳುವಾಗ ಏನು ಹೇಳಬೇಕು?

ಪುತ್ತೂರಿನಿಂದ 1988ರಲ್ಲಿ ಆರಂಭವಾದ 'ಅಡಿಕೆ ಪತ್ರಿಕೆ' ಕೃಷಿಕರಿಂದಲೇ ಅವರ ಅನುಭವ ಬರೆಸಿ ಹೆಸರಾಯಿತು. ಮಾಡಿದವರೇ ಹೇಳಿದಾಗ ಮಾತಿಗೆ ತೂಕ ಬರುತ್ತದೆ. ನಮ್ಮ ಮನೆಗಳಲ್ಲಿ ಇದಕ್ಕೆ ಒಂದು ಹಳೆಯ ನೋಟು ಪುಸ್ತಕ ಸಾಕು. ಪ್ರತಿ ಬೆಳೆಗೆ ಆರು ವಿಷಯ ಬರೆದಿಡಿ:

1. ಬೀಜ ಎಲ್ಲಿಂದ ಬಂತು, ಊರಿನದ್ದೋ ಹೈಬ್ರಿಡ್ಡೋ?
2. ಬಿತ್ತಿದ ದಿನ, ಮೊದಲ ಕೊಯ್ಲಿನ ದಿನ.
3. ಮಣ್ಣು ಯಾವುದು: ಹಿತ್ತಿಲು, ಗದ್ದೆ, ಹೊಯ್ಗೆ, ಚೀಲ?
4. ಬಿಸಿಲು ಎಷ್ಟು ಹೊತ್ತು, ನೀರು ಎಷ್ಟು ದಿನಕ್ಕೊಮ್ಮೆ?
5. ಹಾಕಿದ ಗೊಬ್ಬರ, ಮದ್ದು.
6. ಸೋತರೆ ಮೊದಲು ಕಂಡ ಲಕ್ಷಣ ಯಾವುದು: ಎಲೆಯಲ್ಲೋ, ಹೂವಿನಲ್ಲೋ, ಬುಡದಲ್ಲೋ?

ಈ ಆರಕ್ಕೂ ಉತ್ತರವಿದ್ದರೆ ಮಂಗಳೂರಿನ ಅಥವಾ ಬ್ರಹ್ಮಾವರದ ಕೃಷಿ ವಿಜ್ಞಾನ ಕೇಂದ್ರದವರಲ್ಲಿ ಸಲಹೆ ಕೇಳುವಾಗಲೂ ಬೇಗ ಪರಿಹಾರ ಸಿಗುತ್ತದೆ.

ಪ್ರಿಯ ಓದುಗರೇ, ಚೆನ್ನಾಗಿ ಬೆಳೆದ ಸೋರೆಯನ್ನು ನೆರೆಮನೆಗೆ ಕೊಡುವುದು ನಮ್ಮ ಊರಿನ ಮರ್ಯಾದೆ. ಈ ಸಲ ಅದರೊಂದಿಗೆ ನಾಲ್ಕು ಬೀಜಗಳನ್ನು ಕಾಗದದಲ್ಲಿ ಕಟ್ಟಿ, ಮೇಲೆ ತಳಿಯ ಹೆಸರು, ವರ್ಷ ಬರೆದು ಕೊಡಿ. ನಿಮ್ಮಲ್ಲಿ ಯಾವುದು ಸತ್ತಿತು, ಹೇಗೆ ಸತ್ತಿತು ಎಂಬುದನ್ನೂ ಹೇಳಿ. ಹೊಸದಾಗಿ ಮದುವೆಯಾಗಿ ಬಂದವರು, ಫ್ಲ್ಯಾಟಿನ ಬಾಲ್ಕನಿಯಲ್ಲಿ ಎರಡು ಚೀಲ ಇಟ್ಟು ಮೊದಲ ಸಲ ಪ್ರಯತ್ನಿಸುವವರು, ಒಂದು ಸೋಲಿಗೇ "ನಮ್ಮ ಕೈಗುಣ ಸರಿಯಿಲ್ಲ" ಎಂದು ಬಿಟ್ಟುಬಿಡುತ್ತಾರೆ. ನಲವತ್ತು ವರ್ಷ ಹಿತ್ತಿಲು ಮಾಡಿದ ಅಜ್ಜಿಯ ಟೊಮೆಟೊ ಕೂಡ ಈ ಬೇಸಿಗೆ ಬಾಡಿತೆಂದು ತಿಳಿದರೆ ಅವರು ಮುಂದಿನ ಅಕ್ಟೋಬರಿಗೆ ಮತ್ತೊಮ್ಮೆ ಸಸಿ ಮಾಡಿಯಾರು.