ಕಥಕಳಿಯ ನಾಡಿನಲ್ಲಿ ಯಕ್ಷಗಾನದ ಮಾತು

ಕೊಚ್ಚಿ, ತಿರುವನಂತಪುರಗಳಲ್ಲಿ ಯಕ್ಷಗಾನವನ್ನು ಮೊದಲ ಸಲ ಕಾಣುವ ಮಲಯಾಳಿ ಪ್ರೇಕ್ಷಕರಿಗೆ ಅದು ಕಥಕಳಿಯ ಬಂಧುವೆನಿಸುವುದು ಸಹಜ. ತೆಂಕುತಿಟ್ಟಿನ ಪಿತಾಮಹನೆಂದು ನಾವು ಗೌರವಿಸುವ ಪಾರ್ತಿಸುಬ್ಬನ ಊರು ಕುಂಬಳೆ. 1956ರ ನವೆಂಬರ್ 1ರಿಂದ ಅದು ಕೇರಳದಲ್ಲಿದೆ. ಅವನ ರಾಮಾಯಣ ಪ್ರಸಂಗಗಳಿಗೂ ಕಥಕಳಿಯ ಮೂಲವಾದ ಕೊಟ್ಟಾರಕ್ಕರ ತಂಬುರಾನರ ರಾಮನಾಟ್ಟಕ್ಕೂ ಇರುವ ಹೋಲಿಕೆಯನ್ನು ವಿದ್ವಾಂಸರು ಬಹುವಾಗಿ ಚರ್ಚಿಸಿದ್ದಾರೆ.

ಚೆಂಡೆ, ಮದ್ದಳೆ ಎರಡರಲ್ಲಿಯೂ ಉಂಟು. ಯಕ್ಷಗಾನದ ರಾಕ್ಷಸನ ಮುಖಕ್ಕೆ ಅಕ್ಕಿಹಿಟ್ಟಿನ ಚಿಟ್ಟಿ, ಕಥಕಳಿಯ ನಾಯಕನ ಕೆನ್ನೆಯಂಚಿಗೆ ಚುಟ್ಟಿ. ಆದರೆ ಕಥಕಳಿಯ ಪಾತ್ರಧಾರಿ ಮಾತನಾಡುವುದಿಲ್ಲ. ಹಿಂದೆ ನಿಂತವರು ಹಾಡಿದ ಪದಕ್ಕೆ ಕೈಮುದ್ರೆಗಳಲ್ಲಿ ಅರ್ಥ ನೀಡುತ್ತಾನೆ. ಯಕ್ಷಗಾನದಲ್ಲಿ ಭಾಗವತರ ಪದ್ಯ ಮುಗಿದೊಡನೆ ವೇಷಧಾರಿಯು, ಬರೆದಿಟ್ಟ ಸಂಭಾಷಣೆಯ ನೆರವಿಲ್ಲದೆ, ಸ್ವಂತ ಮಾತಿನಲ್ಲಿಯೇ ಅರ್ಥ ಹೇಳಬೇಕು. ಎದುರಿನವನು ಕೇಳಿದ ಪ್ರಶ್ನೆಗೆ ನಿಂತಲ್ಲಿಯೇ ಉತ್ತರ ಹೊಳೆಯಬೇಕು. ವೇಷ, ಕುಣಿತಗಳನ್ನು ಕೈಬಿಟ್ಟರೂ ಹಾಡು ಮತ್ತು ಈ ಮಾತುಗಾರಿಕೆಯ ಬಲದಿಂದಲೇ ತಾಳಮದ್ದಳೆ ನಿಂತಿದೆಯಲ್ಲವೆ?

ಕನ್ನಡ ಬಾರದ ಸಭೆಯ ಮುಂದೆ ಆಟವನ್ನು ಮೊಟಕುಗೊಳಿಸುವಾಗ ಮೊದಲು ಕತ್ತರಿ ಬೀಳುವುದು ಈ ಅರ್ಥಗಾರಿಕೆಗೇ. ಧೀಂಗಿಣ ಉಳಿಯುತ್ತದೆ, ಚಪ್ಪಾಳೆಯೂ ದೊರೆಯುತ್ತದೆ. ನೋಡಿದವರು ಮಾತ್ರ ಯಕ್ಷಗಾನವೆಂದರೆ ತುಸು ಒರಟಾದ ಕಥಕಳಿಯೆಂದು ತಿಳಿದು ಮನೆಗೆ ಮರಳುತ್ತಾರೆ, ಅವರನ್ನು ದೂರುವಂತಿಲ್ಲ. ಎರಡು ಗಂಟೆಯ ಆಟದಲ್ಲಿ ಒಂದು ಸಂವಾದವನ್ನಾದರೂ ಪೂರ್ಣವಾಗಿ ಉಳಿಸಿಕೊಂಡು, ಅದರ ಸಾರವನ್ನು ಮೊದಲೇ ಮಲಯಾಳದಲ್ಲಿ ತಿಳಿಸುವುದು ಲೇಸೆಂದು ನಮ್ಮ ಅಭಿಪ್ರಾಯ. ಬಾಣ ತಗುಲಿ ಬಿದ್ದ ವಾಲಿಯು ರಾಮನನ್ನು ಪ್ರಶ್ನಿಸುವ ಭಾಗ ಇದಕ್ಕೆ ತಕ್ಕುದು. ಕಥೆ ಅಲ್ಲಿನವರಿಗೂ ಗೊತ್ತಿರುವುದೇ.