ಹಳೆಯ ಜಾವಾ ಗಾಡಿಗಳ ಸೈಲೆನ್ಸರು

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯು 1961ರಲ್ಲಿ ಮೋಟಾರು ಸೈಕಲ್ಲುಗಳನ್ನು ತಯಾರಿಸಲಾರಂಭಿಸಿ 1996ರಲ್ಲಿ ಬಾಗಿಲು ಮುಚ್ಚಿದುದು ವಾಚಕ ಮಹಾಶಯರಿಗೆ ತಿಳಿದ ವಿಷಯವೇ ಆಗಿದೆ. ಮೊದಲು ಜಾವಾ ಎಂದೂ, 1973ರಿಂದೀಚೆಗೆ ಯೆಜ್ದಿ ಎಂದೂ ಹೆಸರಾದ ಆ ಗಾಡಿಗಳನ್ನು ಇಂದಿಗೂ ಅಭಿಮಾನದಿಂದ ಸಾಕಿಕೊಂಡು ಬಂದವರು ನಮ್ಮಲ್ಲಿ ಅನೇಕರುಂಟು. ಕಾರ್ಖಾನೆಯೇ ಇಲ್ಲವಾದ ಮೇಲೆ ಬಿಡಿಭಾಗಗಳು ದುರ್ಲಭವಾಗುವುದು ಸಹಜವಷ್ಟೆ. ಅವುಗಳಲ್ಲಿ ಬೇಗನೆ ಕೆಡತಕ್ಕದ್ದು ಸೈಲೆನ್ಸರು. ಹೊರಗೆ ಮಳೆ ಕೆಸರು, ಒಳಗೆ ಹೊಗೆಯ ತೇವ. ತಗಡು ತುಕ್ಕು ಹಿಡಿದು ತೂತು ಬೀಳುತ್ತದೆ. ಆಗ ಮೂಲದ್ದನ್ನೇ ಬೆಸುಗೆ ಹಾಕಿಸಿ ಉಳಿಸಿಕೊಳ್ಳಬೇಕೋ, ಪೇಟೆಯ ಹೊಸದನ್ನು ತಂದು ತೊಡಿಸಬೇಕೋ ಎಂಬ ಪ್ರಶ್ನೆ ಏಳುತ್ತದೆ.

ಇದು ಕೇವಲ ಅಲಂಕಾರದ ಪ್ರಶ್ನೆಯೆಂದು ಬಗೆಯುವುದು ತಪ್ಪು. ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರುಗಳುಳ್ಳ ಆ 250 ಸಿ.ಸಿ. ಯಂತ್ರವು ಟೂ-ಸ್ಟ್ರೋಕ್ ಜಾತಿಯದು. ಅದರಲ್ಲಿ ಹೊಗೆಯ ದ್ವಾರಕ್ಕೆ ಬೇರೆ ಕವಾಟವಿಲ್ಲ. ಪಿಸ್ಟನ್ನೇ ಅದನ್ನು ತೆರೆದು ಮುಚ್ಚುತ್ತದೆ. ಸುಟ್ಟ ಹೊಗೆ ಹೊರಡುತ್ತಿರುವಾಗಲೇ ಪೆಟ್ರೋಲು-ಗಾಳಿಯ ಹೊಸ ಮಿಶ್ರಣವು ಒಳಗೆ ಬರುವುದರಿಂದ, ಅದರಲ್ಲೊಂದು ಪಾಲು ಹೊಗೆಯ ಬೆನ್ನುಹತ್ತಿ ಹೊರಬೀಳಲು ನೋಡುತ್ತದೆ. ಕೊಳವೆಯ ಉದ್ದ, ಅಗಲ, ಒಳಗಿನ ತಡೆ ಇವು ತಕ್ಕಷ್ಟಿದ್ದರೆ ಒತ್ತಡದ ಅಲೆಯು ಹಿಂದಿರುಗಿ ಆ ಪಾಲನ್ನು ಸಿಲಿಂಡರಿಗೆ ಮರಳಿ ನೂಕುತ್ತದೆ. ಅಂದರೆ ಇಲ್ಲಿ ಸೈಲೆನ್ಸರು ಯಂತ್ರದ ಒಂದು ಅಂಗವೇ ಆಗಿದೆ. ಒಳತಡೆಯನ್ನು ಕಿತ್ತೆಸೆದು ಆರ್ಭಟ ಹೆಚ್ಚಿಸಿಕೊಂಡವನಿಗೆ ಶಕ್ತಿ ಹೆಚ್ಚಿದಂತೆ ತೋರಬಹುದು. ನಿಜವಾಗಿ ಪೆಟ್ರೋಲು ಪೋಲಾಗುತ್ತದೆ, ನಿಧಾನದಲ್ಲಿ ಎಳೆಯುವ ಬಲ ಕುಂದುತ್ತದೆ. ಫೋರ್-ಸ್ಟ್ರೋಕಿನ ಬುಲೆಟ್ಟಿಗೆ ಕವಾಟಗಳುಂಟು. ಅದನ್ನು ನೋಡಿ ಕಲಿತ ಪಾಠವು ಇಲ್ಲಿ ಹಾಗೆಯೇ ನಡೆಯದು.

ಹಾಗೆಂದು ಮೂಲದ್ದಲ್ಲದುದೆಲ್ಲವೂ ಹೇಯವೆಂದು ನಾವು ಹೇಳುವುದಿಲ್ಲ. ಪೆಟ್ರೋಲಿನೊಡನೆ ಎಣ್ಣೆಯೂ ಉರಿಯುವ ಈ ಯಂತ್ರದಲ್ಲಿ ಮಸಿ ಕಟ್ಟುವುದು ಅನಿವಾರ್ಯ. ವರ್ಷಗಟ್ಟಲೆ ಮಸಿ ತೆಗೆಯದೆ ಉಸಿರುಕಟ್ಟಿದ ಮೂಲ ಸೈಲೆನ್ಸರಿಗಿಂತ, ಒಳಗಿನ ಅಳತೆಯನ್ನು ಚಾಚೂ ತಪ್ಪದೆ ಅನುಸರಿಸಿ ಮಾಡಿದ ಹೊಸದೇ ಮೇಲು. ಆದರೆ ಕೊಳ್ಳುವವರು ಹೊರಗಿನ ಥಳಕನ್ನು ನೋಡುವರೇ ವಿನಾ ಒಳಗೇನಿದೆಯೆಂದು ಕೇಳುವುದಿಲ್ಲ. ಕೇಳದವನಿಗೆ ಟೊಳ್ಳು ಕೊಳವೆಯೇ ಗತಿ.

ಕಾನೂನಿನ ಮಾತೂ ಉಂಟು. 1988ರ ಮೋಟಾರು ವಾಹನ ಕಾಯಿದೆಯ 190ನೆಯ ಸೆಕ್ಷನ್ನಿನ ಮೇರೆಗೆ, 2019ರ ತಿದ್ದುಪಡಿಯ ತರುವಾಯ, ಶಬ್ದದ ಮಿತಿಯನ್ನು ಮೀರಿದವನಿಗೆ ಮೊದಲ ಅಪರಾಧಕ್ಕೇ 10,000 ರೂಪಾಯಿಗಳವರೆಗೆ ದಂಡವನ್ನೋ ಮೂರು ತಿಂಗಳವರೆಗೆ ಸೆರೆಯನ್ನೋ ಎರಡನ್ನೂ ಒಟ್ಟಿಗೋ ವಿಧಿಸಬಹುದಾಗಿದೆ. ಕಿತ್ತ ಸೈಲೆನ್ಸರುಗಳನ್ನು ಪೊಲೀಸರು ರೋಡ್ ರೋಲರಿನ ಕೆಳಗೆ ಹಾಕಿಸಿದುದನ್ನೂ ಜನರು ಕಂಡಿದ್ದಾರೆ. ಆಸ್ಪತ್ರೆಯ ರೋಗಿಯ ನಿದ್ದೆ ಕೆಡಿಸುವವನಿಗೆ ಇದು ತಕ್ಕ ಶಾಸ್ತಿಯೇ ಸರಿ. ಆದರೆ ಅಧಿಕಾರಿಗಳು ಕೊಳವೆ ಹೊಸದೆಂಬ ಒಂದೇ ಕಾರಣದಿಂದ ತಪ್ಪೆಣಿಸದೆ, ಶಬ್ದವನ್ನು ಅಳೆದು ತೀರ್ಮಾನಿಸುವುದು ನ್ಯಾಯ.

ಗಾಡಿಯ ಮಾಲೀಕರಲ್ಲಿ ನಮ್ಮ ವಿಜ್ಞಾಪನೆ ಇಷ್ಟೆ. ತುಕ್ಕು ಹಿಡಿದ ಮೂಲ ಸೈಲೆನ್ಸರನ್ನು ಗುಜರಿಗೆ ಹಾಕಬೇಡಿರಿ. ಓಡಿಸಲು ಅದು ಉಪಯೋಗಕ್ಕೆ ಬಾರದಿದ್ದರೂ ಸೀಳಿ ಅಳೆದು ನೋಡುವ ಕಸುಬುದಾರನಿಗೆ ಅದೇ ಮೇಲ್ಪಂಕ್ತಿ. 2018ರಲ್ಲಿ ಜಾವಾ ಹೆಸರಿನಿಂದಲೇ ಬಂದ ಹೊಸ ಗಾಡಿಗಳು ಫೋರ್-ಸ್ಟ್ರೋಕಿನವು. ಅವುಗಳ ಕೊಳವೆ ಇವಕ್ಕೆ ಆಗಿಬಾರದು. ಹಳೆಯ ಮಾದರಿಯೂ ಕರಗಿಹೋದರೆ, ಆ ಯಂತ್ರದ ಸರಿಯಾದ ದನಿ ಯಾವುದೆಂದು ಹೇಳುವ ಸಾಕ್ಷಿಯೇ ನಾಡಿನಲ್ಲಿ ಉಳಿಯುವುದಿಲ್ಲ.