ಒಂದು ಹುಲಿಗೆ ಎಷ್ಟು ಜಿಂಕೆ?

ನಾಗರಹೊಳೆಯ ಒಂದು ಹುಲಿ ವರ್ಷಕ್ಕೆ ಹೊಡೆಯೋದು ಸುಮಾರು 50 ದೊಡ್ಡ ಪ್ರಾಣಿ. ಆದ್ರೆ ಕಾಡಲ್ಲಿ ಸುಮಾರು 500 ಇರಬೇಕು ಅಂತಾರೆ ಹುಲಿ ವಿಜ್ಞಾನಿ ಉಲ್ಲಾಸ ಕಾರಂತ. ತಿಂದಷ್ಟೂ ಮತ್ತೆ ಹುಟ್ಟಿ ಬರಬೇಕಲ್ಲ!

ಆ 500ಕ್ಕೆ ಇನ್ನೆಷ್ಟು ಹುಲ್ಲು, ಲೆಕ್ಕ ಹಾಕಿ. ಜಿಂಕೆ ಮೇದದ್ದೆಲ್ಲ ಮಾಂಸ ಆಗಲ್ಲ. ಒಂದಷ್ಟು ಹಿಕ್ಕೆ. ಉಳಿದದ್ದರಲ್ಲಿ ಬಹುಪಾಲು ಓಡೋಕೆ, ಉಸಿರಾಡೋಕೆ, ಮೈ ಬೆಚ್ಚಗಿಡೋಕೆ ಖರ್ಚು. ಶಾಖವಾಗಿ ಹೋದದ್ದು ವಾಪಸ್ ಬರಲ್ಲ.

ಅಮೆರಿಕದ ಒಂದು ಪುಟ್ಟ ಕೆರೆಯಲ್ಲಿ ಈ ಲೆಕ್ಕ ಹಿಡಿದ ಪರಿಸರ ವಿಜ್ಞಾನಿ ರೇಮಂಡ್ ಲಿಂಡೆಮನ್ ಪ್ರಬಂಧ ಬಂದದ್ದು 1942ರಲ್ಲಿ. ಒಂದು ಹಂತದ ಶಕ್ತಿಯಲ್ಲಿ ಮುಂದಿನ ಹಂತಕ್ಕೆ ದಾಟೋದು ‘10 ಪರ್ಸೆಂಟ್’ ಅನ್ನೋ ಪಠ್ಯಪುಸ್ತಕದ ಮಾತು ಬರೀ ಅಂದಾಜು. ಬಿಸಿರಕ್ತದ ಜಿಂಕೆಯಲ್ಲಿ ಇನ್ನೂ ಕಮ್ಮಿ.

ಹುಲಿಗಳನ್ನೇ ತಿಂದು ಬದುಕೋ ಪ್ರಾಣಿ ಯಾಕಿಲ್ಲ? ಅಷ್ಟು ಮೇಲಕ್ಕೆ ತಲುಪೋ ಶಕ್ತಿಯಲ್ಲಿ ಅದರ ಹೊಟ್ಟೆ ತುಂಬಲ್ಲ.